ಅಣಬೆಗೆ ಬೇಕಾದದ್ದು ಹಂಡೆಯ ಬಿಸಿನೀರು, ಆಟೋಕ್ಲೇವ್ ಅಲ್ಲ



ಬರಲಿರುವ ವಾರ್ಷಿಕ ಮಹಾಸಭೆಯ ಮುಂದೆ ಒಂದು ಸೂಚನೆ ಬಂದಿದೆ. ಸಂಘದ ವತಿಯಿಂದ ದೊಡ್ಡದೊಂದು ಆಟೋಕ್ಲೇವ್ ಯಂತ್ರವನ್ನು ಕೊಂಡು ಬೆಂಗಳೂರಿನ ಪೂರ್ವ ಭಾಗದಲ್ಲಿ ಸ್ಥಾಪಿಸಬೇಕು. ನಮ್ಮ ತೋಟಗಳ ಅಡಿಕೆ ಹಾಳೆ ಮತ್ತು ಕಾಫಿ ಸಿಪ್ಪೆಯನ್ನು ಅದರಲ್ಲಿ ಸಂಪೂರ್ಣ ಕ್ರಿಮಿಶುದ್ಧ ಮಾಡಿ, ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳಲ್ಲಿ ನೆಲೆಸಿರುವ ಸದಸ್ಯರ ಮಕ್ಕಳ ಮನೆಗಳಿಗೆ ಅಣಬೆ ಬೇಸಾಯಕ್ಕಾಗಿ ಒದಗಿಸಬೇಕು ಎಂಬುದು ಅದರ ಸಾರಾಂಶ. ಸೂಚನೆ ತಂದವರ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಆದರೆ ಇದು ಸದಸ್ಯರ ಷೇರು ಹಣದ ಪ್ರಶ್ನೆಯಾದ ಕಾರಣ, ಸಭೆಗೆ ಮುಂಚೆಯೇ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಕರ್ತವ್ಯವೆಂದು ಭಾವಿಸಿದ್ದೇವೆ. ಅಣಬೆ ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರ ಬೇಡವೆಂದು ಹೇಳುತ್ತಿದ್ದೇವೆ.

ಅಣಬೆ ನಮಗೆ ಹೊಸದಲ್ಲ. ಮೊದಲ ಮಳೆ, ಗುಡುಗು ಕಳೆದ ಮೇಲೆ ಹುತ್ತದ ಬಳಿ ಏಳುವ ಅಣಬೆಗಾಗಿ ಬುಟ್ಟಿ ಹಿಡಿದು ಓಡದ ಬಾಲ್ಯ ಮಲೆನಾಡಿನಲ್ಲಿ ಯಾರಿಗಿದೆ? ಅದನ್ನು ಮನೆಯೊಳಗೆ ಬೆಳೆಯುವ ವಿದ್ಯೆಯೂ ದೂರದೇಶದಿಂದ ನಿನ್ನೆ ಬಂದದ್ದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಝಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಬತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆದು, ಆ ಪ್ರಯೋಗವನ್ನು 1962ರಲ್ಲಿಯೇ ಪ್ರಕಟಿಸಿದರು. ಅಡಿಕೆ ಹಾಳೆಯ ಮೇಲೂ ಅದು ಬೆಳೆಯುತ್ತದೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ತರಬೇತಿಯೂ ದೊರೆಯುತ್ತವೆ. ವಿದ್ಯೆ ಇದೆ, ಬೀಜ ಇದೆ, ಹಾಳೆ ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತಿದೆ. ಹಾಗಿದ್ದರೆ ಕೊರತೆ ಎಲ್ಲಿದೆ? ಹಾಳೆಯನ್ನು ಹದಮಾಡುವ ಕ್ರಮದಲ್ಲಿದೆ.

ಇಲ್ಲಿ ನಮ್ಮದೇ ಸೋಲಿನ ಕಥೆಯನ್ನು ಹೇಳಬೇಕಾಗಿದೆ. ಎರಡು ವರ್ಷಗಳ ಹಿಂದೆ ಊರಿನಿಂದ ರಾತ್ರಿ ಬಸ್ಸಿನಲ್ಲಿ ಎರಡು ಗೋಣಿಚೀಲ ಹಾಳೆಯನ್ನು ಹಾಕಿಸಿಕೊಂಡು ಇಂದಿರಾನಗರದ ನಮ್ಮ ತಮ್ಮನ ಮನೆಗೆ ಹೋದೆವು. ವಿಜ್ಞಾನದ ಪದವಿ ಪಡೆದವರೆಂಬ ಹಮ್ಮು ಬೇರೆ. ದೊಡ್ಡ ಪ್ರೆಷರ್ ಕುಕ್ಕರಿನಲ್ಲಿ ಕಂತು ಕಂತಾಗಿ ಬೇಯಿಸಿ, ಒಂದು ಜೀವಾಣುವೂ ಉಳಿಯದಂತೆ ಮಾಡಿದೆವೆಂದು ಹಿಗ್ಗಿ, ಕಾರ್ ಶೆಡ್ಡಿನ ನೆಲದಲ್ಲಿ ಆರಲು ಹರಡಿದೆವು. ಇಪ್ಪತ್ತು ಚೀಲ ತುಂಬಿದೆವು. ಹತ್ತು ದಿನದೊಳಗೆ ಹದಿನಾಲ್ಕು ಚೀಲಗಳಲ್ಲಿ ಪಾಚಿಯಂಥ ಹಸಿರು ಬೂಷ್ಟು! ಅದೇ ಶೆಡ್ಡಿನ ಮೂಲೆಯಲ್ಲಿ, ತೋಟದ ಕಾಳುಮೆಣಸಿನ ಬುಡಕ್ಕೆ ಹಾಕಲು ಕೊಂಡಿಟ್ಟಿದ್ದ ಟ್ರೈಕೋಡರ್ಮಾ ಪುಡಿಯ ಚೀಲ ಬಾಯಿ ಬಿಚ್ಚಿಕೊಂಡು ಕುಳಿತಿತ್ತು. ಮೆಣಸಿನ ಸೊರಗು ರೋಗಕ್ಕೆ ನಾವು ಹಣ ಕೊಟ್ಟು ತರುವ ಈ ಮಿತ್ರನೇ ಅಣಬೆಗೆ ಪರಮ ಶತ್ರು. ತೋಟಗಾರರಾದ ನಮ್ಮ ಸದಸ್ಯರು ಈ ಒಂದು ಮಾತನ್ನು ಮರೆಯಬಾರದು: ಟ್ರೈಕೋಡರ್ಮಾ ಇಟ್ಟ ಕೊಟ್ಟಿಗೆಯಲ್ಲಿ ಅಣಬೆಯ ಕೆಲಸ ಬೇಡ, ಅದನ್ನು ಮುಟ್ಟಿದ ಬಟ್ಟೆಯಲ್ಲಿಯೂ ಬೇಡ.

ತಪ್ಪು ಪುಡಿಯದಷ್ಟೇ ಅಲ್ಲ, ನಮ್ಮ ಕುಕ್ಕರಿನದೂ ಹೌದು. ಸಂಪೂರ್ಣ ಕ್ರಿಮಿಶುದ್ಧವಾದ ಹಾಳೆಯೆಂದರೆ ಕಾವಲಿಲ್ಲದ ಗದ್ದೆ. ಮೊದಲು ಬಂದು ಬಿದ್ದ ಬೀಜಾಣುವೇ ಅದರ ಒಡೆಯ. ಪ್ರಯೋಗಾಲಯದಲ್ಲಿ ಶೋಧಿಸಿದ ಗಾಳಿಯ ಕೋಣೆ ಇರುತ್ತದೆ. ಆದ್ದರಿಂದ ಅಲ್ಲಿ ಅದು ನಡೆಯುತ್ತದೆ. ಮನೆಯ ಗಾಳಿಯಲ್ಲಿ ನಡೆಯುವುದಿಲ್ಲ. ಅದರ ಬದಲು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಬೂಷ್ಟು, ಹುಳು, ಹುಳುವಿನ ಮೊಟ್ಟೆಗಳು ಬಹುಮಟ್ಟಿಗೆ ಸಾಯುತ್ತವೆ. ಶಾಖ ತಡೆಯುವ ಕೆಲವು ಬ್ಯಾಕ್ಟೀರಿಯಾಗಳು ಉಳಿಯುತ್ತವೆ. ಉಳಿದ ಇವು ಅಣಬೆಗೆ ಅಡ್ಡಿ ಮಾಡದೆ, ಹೊಸದಾಗಿ ಬೀಳುವ ಬೂಷ್ಟಿಗೆ ಸುಲಭವಾಗಿ ಜಾಗ ಬಿಡದೆ ಕಾಯುತ್ತವೆ. ಇದನ್ನೆಲ್ಲ ನಾವು ತಮ್ಮನ ಹೆಂಡತಿಗೆ ವಿವರಿಸುತ್ತಿದ್ದಾಗ ಆಕೆ ನಕ್ಕು, "ಭಾವ, ಹಾಲು ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕುವುದಿಲ್ಲವೇ? ಇದೂ ಅಷ್ಟೇ ಅಲ್ಲವೇ?" ಎಂದರು. ನಮ್ಮ ಪದವಿಗಿಂತ ಆ ಮಾತು ತೂಕದ್ದಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಅನುಸರಿಸುತ್ತಿರುವ ಕ್ರಮ ಹೀಗಿದೆ. ಒಣಗಿದ, ಬೂಷ್ಟು ಹಿಡಿಯದ ಹಾಳೆಯನ್ನು ಒಂದರಿಂದ ಒಂದೂವರೆ ಅಂಗುಲದ ಚೂರುಗಳಾಗಿ ಕತ್ತರಿಸಿ, ಗೋಣಿಚೀಲದಲ್ಲಿ ತುಂಬಿ, ರಾತ್ರಿಯಿಡೀ ತಣ್ಣೀರಿನಲ್ಲಿ ಮುಳುಗಿಸಿಡುವುದು. ಬೆಳಿಗ್ಗೆ ಆ ನೀರನ್ನು ಚೆಲ್ಲಿ, 80 ಡಿಗ್ರಿಯ ನೀರಿನಲ್ಲಿ ಚೀಲವನ್ನು ಒಂದು ಗಂಟೆ ಅದುಮಿಡುವುದು. ಗಂಟೆಯನ್ನು ಎಣಿಸಬೇಕಾದದ್ದು ಚೀಲ ಹಾಕಿದಾಗಿನಿಂದಲ್ಲ, ಚೀಲ ಬಿದ್ದು ತಣಿದ ನೀರು ಮತ್ತೆ 80ಕ್ಕೆ ಏರಿದಾಗಿನಿಂದ. ಬೆಂಗಳೂರಿನಲ್ಲಿ ಅನೇಕ ಮನೆಗಳ ಮಾಳಿಗೆಯ ಮೇಲೆ ಸೌರ ಹೀಟರ್ ಇದೆ. ಅದರ ನೀರಿನಿಂದಲೇ ಆರಂಭಿಸಿದರೆ ಗ್ಯಾಸಿನ ಖರ್ಚು ಬಹಳ ಉಳಿಯುತ್ತದೆ. ಊರಿನವರಿಗೆ ಬಚ್ಚಲ ಹಂಡೆ ಇದ್ದೇ ಇದೆ. ಬಳಿಕ ಚೀಲವನ್ನು ತೂಗುಹಾಕಿ ನೀರು ಬಸಿದು, ತೊಳೆದು ಒರೆಸಿದ ಹಾಸಿನ ಮೇಲೆ ಆರಿಸುವುದು. ಹಿಡಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ತೇವಾಂಶ ಶೇ. 65ರಿಂದ 70 ಎಂದು ಪುಸ್ತಕಗಳು ಹೇಳುವುದು ಇದನ್ನೇ. ಬಿಸಿ ಪೂರ್ಣ ಆರದೆ ಬೀಜ ಹಾಕಿದರೆ ಬಿಸಿ ಹಾಲಿಗೆ ಹೆಪ್ಪು ಹಾಕಿದ ಗತಿಯೇ.

ಹತ್ತು ಕಿಲೋ ಒದ್ದೆ ಹಾಳೆಗೆ 200ರಿಂದ 300 ಗ್ರಾಂ ಬೀಜವನ್ನು ಪದರ ಪದರವಾಗಿ ಹಾಕಿ, ಚೀಲಕ್ಕೆ ಸಣ್ಣ ತೂತುಗಳನ್ನು ಮಾಡಿ, ಕತ್ತಲೆಯ ಕೋಣೆಯಲ್ಲಿ ಎರಡು ಮೂರು ವಾರ ಇಟ್ಟರೆ ಬಿಳಿಯ ಎಳೆ ತುಂಬಿಕೊಳ್ಳುತ್ತದೆ. ಆಮೇಲೆ ಬೆಳಕು, ಗಾಳಿ, ಒದ್ದೆ ಗೋಣಿಯ ತಂಪು. ಬೆಂಗಳೂರಿನ ಹವೆ ವರ್ಷದ ಹೆಚ್ಚು ಕಾಲ ಇದಕ್ಕೆ ಒಗ್ಗುತ್ತದೆ. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಮಾತ್ರ ಕಷ್ಟ. ಒಂದು ಎಚ್ಚರಿಕೆ: ಅಣಬೆಯ ಅಂಚು ಮೇಲಕ್ಕೆ ಮಡಚುವ ಮುನ್ನವೇ ಕೊಯ್ಯಬೇಕು. ಬಲಿತ ಅಣಬೆಯಿಂದ ಉದುರುವ ಬೀಜಾಣು ಕೆಮ್ಮು, ಉಬ್ಬಸ ತರುತ್ತದೆ. ಮಲಗುವ ಕೋಣೆಯಲ್ಲಿ ಚೀಲ ತೂಗುಹಾಕಬಾರದು.

ಬಿಸಿನೀರಿನ ತೊಂದರೆ ತಪ್ಪಿಸಲು ಫಾರ್ಮಲಿನ್ ಮತ್ತು ಕಾರ್ಬೆಂಡಜಿಮ್ ಬೆರೆಸಿದ ತಣ್ಣೀರಿನಲ್ಲಿ ಹದಿನಾರು ಹದಿನೆಂಟು ಗಂಟೆ ನೆನೆಸುವ ಕ್ರಮವೂ ಇದೆ, ಅನೇಕ ಕೈಪಿಡಿಗಳಲ್ಲಿಯೂ ಬಂದಿದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು. ಮಕ್ಕಳು ಓಡಾಡುವ ಹಲಸೂರಿನ ಎರಡು ಕೋಣೆಯ ಮನೆಗೆ ಆ ಸೀಸೆಯನ್ನು ನಮ್ಮ ಸಂಘದ ಹೆಸರಿನಲ್ಲಿ ಕಳುಹಿಸಲು ನಾವು ಒಪ್ಪಲಾರೆವು.

ಇದೇ ಮಾತು ನಮ್ಮ ಹಾಳೆಗೂ ಅನ್ವಯಿಸುತ್ತದೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಗೊನೆಯ ಮೇಲೆ ಮಾತ್ರ ಬೀಳುವುದಿಲ್ಲ, ಹಾಳೆಯ ಮೇಲೂ ಬೀಳುತ್ತದೆ. ಶಿಲೀಂಧ್ರವನ್ನು ಕೊಲ್ಲಲೆಂದೇ ಇರುವ ತಾಮ್ರವನ್ನು ಮೆತ್ತಿಕೊಂಡ ಹಾಳೆಯ ಮೇಲೆ ಶಿಲೀಂಧ್ರವೇ ಆದ ಅಣಬೆಯನ್ನು ಬೆಳೆಯ ಹೊರಡುವುದು ಎಂಥ ವಿವೇಕ? ಅಣಬೆಗಳು ಲೋಹಾಂಶವನ್ನು ಹೀರಿ ತಮ್ಮಲ್ಲಿ ಸಂಗ್ರಹಿಸಿಕೊಳ್ಳುವ ಗುಣವುಳ್ಳವು ಎಂಬುದೂ ತಿಳಿದ ವಿಷಯ. ಯಾವ ಆಟೋಕ್ಲೇವೂ ತಾಮ್ರವನ್ನು ತೆಗೆಯಲಾರದು. ಔಷಧಿ ಹೊಡೆದ ಮಳೆಗಾಲದಲ್ಲಿ ಬಿದ್ದ ಹಾಳೆಯನ್ನು ಬಿಟ್ಟು, ಬೇಸಿಗೆಯಲ್ಲಿ ಬಿದ್ದು ಒಣಗಿದ ನೀಲಿ ಕಲೆಯಿಲ್ಲದ ಹಾಳೆಯನ್ನು ಮಾತ್ರ ಬೇರೆಯಾಗಿ ಕೂಡಿಡಬೇಕು. ಈ ಕೆಲಸ ತೋಟದಲ್ಲಿ ಆಗಬೇಕಾದದ್ದು.

ಕಾಫಿ ಸಿಪ್ಪೆಯಲ್ಲಿ ಕೆಫೀನ್, ಟ್ಯಾನಿನ್‌ಗಳಿವೆ. ಅದೊಂದರಿಂದಲೇ ಚೀಲ ತುಂಬದೆ ಹಾಳೆಯೊಡನೆ ಮೂರರಲ್ಲೊಂದು ಪಾಲು ಬೆರೆಸಿದಾಗ ನಮಗೆ ಬೆಳೆ ಚೆನ್ನಾಗಿ ಬಂದಿದೆ. ಫಿಲ್ಟರಿನ ಕಾಫಿ ಚರಟವೂ ಆಗುತ್ತದೆ, ಆದರೆ ಅಂದಿನದನ್ನು ಅಂದೇ ಬಳಸಬೇಕು; ಮರುದಿನಕ್ಕೆ ಬೂಷ್ಟು ಕಾದಿರುತ್ತದೆ.

ಇನ್ನು ಹಣದ ಮಾತು. "ನೀವು ಬೆಳೆಯಿರಿ, ನಾವೇ ಕೊಳ್ಳುತ್ತೇವೆ" ಎಂಬ ಮರುಖರೀದಿ ಕರಾರನ್ನು ನಂಬಿ ನಮ್ಮ ಹಿರಿಯ ಸದಸ್ಯರೊಬ್ಬರ ಮಗ ಕೆ.ಆರ್. ಪುರದ ತನ್ನ ಮನೆಯ ಮಾಳಿಗೆಯಲ್ಲಿ ಸಾಲ ಮಾಡಿ ಶೆಡ್ ಕಟ್ಟಿಸಿದ. ಮೊದಲ ಕೊಯ್ಲನ್ನು ಕೊಂಡರು. ಎರಡನೆಯದಕ್ಕೆ ಗುಣ ಸಾಲದೆಂದರು. ಮೂರನೆಯದಕ್ಕೆ ಫೋನ್ ಎತ್ತಲಿಲ್ಲ. ಆ ಹುಡುಗ ಬುಟ್ಟಿ ಹೊತ್ತು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋದರೆ, ಕೇಳಿದವರೆಲ್ಲ ಬಿಳಿಯ ಗುಂಡಿ ಅಣಬೆಯನ್ನೇ ಕೇಳಿದರು. ಸಂಜೆಯ ಹೊತ್ತಿಗೆ ಅವನ ಸರಕು ಬಾಡಿತ್ತು. ಹಸಿ ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಕಾಫಿಯಂತೆ, ಅಡಿಕೆಯಂತೆ ದರ ಬರುವವರೆಗೆ ಉಗ್ರಾಣದಲ್ಲಿ ಕಾಯಿಸಲಾಗದು. ಮಾರುಕಟ್ಟೆ ಕಾಣದೆ ಯಂತ್ರ ಕೊಂಡರೆ ನಾಳೆ ಆ ಹುಡುಗನ ಸ್ಥಾನದಲ್ಲಿ ನಮ್ಮ ಸಂಘವೇ ನಿಲ್ಲಬೇಕಾದೀತು.

ಆಟೋಕ್ಲೇವ್ ಎಲ್ಲಿಯೂ ಬೇಡವೆಂದಲ್ಲ. ಬೀಜ ತಯಾರಿಸಲು ಜೋಳದ ಕಾಳನ್ನು 121 ಡಿಗ್ರಿಯಲ್ಲಿ ಕ್ರಿಮಿಶುದ್ಧ ಮಾಡಲೇಬೇಕು. ತೌಡು ಬೆರೆಸಿದ ಮರದ ಪುಡಿಗೂ ಅದು ಬೇಕು. ಆ ಕೆಲಸವನ್ನು ಹೆಸರಘಟ್ಟದವರು ಮಾಡುತ್ತಿದ್ದಾರೆ, ಅವರೇ ಮಾಡಲಿ.

ಆದುದರಿಂದ ಮಹಾಸಭೆಯ ಮುಂದೆ ನಮ್ಮ ಪ್ರತಿಸೂಚನೆ ಇಷ್ಟೇ. ಹಾಳೆ ಕತ್ತರಿಸುವ ಯಂತ್ರವೊಂದನ್ನು ಸಂಘ ಕೊಳ್ಳಲಿ. ಬೇಸಿಗೆಯ ಶುದ್ಧ ಹಾಳೆಯನ್ನು ಸದಸ್ಯರಿಂದ ತೂಕದ ಮೇಲೆ ಕೊಂಡು, ಔಷಧಿ ಹೊಡೆಯದ್ದೆಂಬ ಅವರ ಸಹಿಯೊಡನೆ, ಒಣ ಚೂರುಗಳಾಗಿ ಚೀಲ ತುಂಬಿ ಬೆಂಗಳೂರಿಗೆ ಕಳುಹಿಸಲಿ. ಬಿಸಿನೀರಿನ ಕೆಲಸ ಆಯಾ ಮನೆಯಲ್ಲಿ ಆಗಲಿ. ಮೊದಲ ವರ್ಷ ಮಾರಾಟದ ಮಾತು ಬೇಡ. ಮನೆಯವರು ಉಣ್ಣಲಿ, ಮಿಕ್ಕರೆ ನೆರೆಯವರಿಗೆ ಕೊಡಲಿ. ಬೆಳೆ ಮುಗಿದ ಹಾಳೆ ಹೂವಿನ ಕುಂಡಕ್ಕೆ ಗೊಬ್ಬರವಾಗಲಿ. ಒಂದು ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆಯನ್ನು ಎಲ್ಲರೂ ಕೂಡಿ ಯೋಚಿಸೋಣ.

ಸದಸ್ಯರು ತಪ್ಪದೆ ಸಭೆಗೆ ಬಂದು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇವೆ. ನಮ್ಮ ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲು ಸಿದ್ಧರಿದ್ದೇವೆ. ಹದಿನಾಲ್ಕು ಹಸಿರು ಚೀಲಗಳು ನಮಗೆ ಅಷ್ಟನ್ನು ಕಲಿಸಿವೆ.

— ಕಾರ್ಯದರ್ಶಿ