ಕೋಲಾರದ ಟಿಕೆಟ್ ಜಗಳ: ಬೇಡ ಎಂದವರ ಮನೆಯ ಕಥೆ

2024ರ ಲೋಕಸಭಾ ಚುನಾವಣೆಯಲ್ಲಿ ಕೋಲಾರದಲ್ಲಿ ಕಾಂಗ್ರೆಸ್ ಸೋತಿದ್ದೇಕೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಒಂದೇ ಮನೆಗೆ ಎಲ್ಲವೂ ಬೇಕಿತ್ತು, ಉಳಿದವರು ಬಿಡಲಿಲ್ಲ. ಅಂಗಡಿಯಲ್ಲಿ ಕುಳಿತು ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಬಿಡದವರ ಮನೆಗಳನ್ನೂ ಸ್ವಲ್ಪ ನೋಡಬೇಕು.

ಕೆ.ಎಚ್. ಮುನಿಯಪ್ಪನವರು 1991ರಿಂದ 2014ರವರೆಗೆ ಸತತ ಏಳು ಬಾರಿ ಇಲ್ಲಿಂದ ಗೆದ್ದವರು. ಕೇಂದ್ರದಲ್ಲಿ ಹೆದ್ದಾರಿ, ರೈಲ್ವೆ ಖಾತೆಗಳ ರಾಜ್ಯ ಸಚಿವರಾಗಿದ್ದರು. 2019ರಲ್ಲಿ ಬಿಜೆಪಿಯ ಎಸ್. ಮುನಿಸ್ವಾಮಿ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ದೇವನಹಳ್ಳಿಯಿಂದ ಗೆದ್ದು ರಾಜ್ಯದ ಆಹಾರ ಸಚಿವರಾದರು. ಮಗಳು ರೂಪಕಲಾ ಶಶಿಧರ್ ಕೆಜಿಎಫ್‌ನಿಂದ 2018, 2023 ಎರಡೂ ಸಲ ಗೆದ್ದಿದ್ದಾರೆ. ಇಷ್ಟಾದ ಮೇಲೂ 2024ರಲ್ಲಿ ಅಳಿಯ ಚಿಕ್ಕಪೆದ್ದಣ್ಣ ಅವರಿಗೆ ಟಿಕೆಟ್ ಕೇಳಿದರು.

ಸಚಿವ ಡಾ. ಎಂ.ಸಿ. ಸುಧಾಕರ್, ಕೋಲಾರದ ಕೊತ್ತೂರು ಮಂಜುನಾಥ್, ಮಾಲೂರಿನ ನಂಜೇಗೌಡ ಮುಂತಾದವರು ರಾಜೀನಾಮೆಯ ಮಾತಾಡಿದರು. ಪರಿಷತ್ತಿನ ಇಬ್ಬರು ಪತ್ರ ಹಿಡಿದು ಸಭಾಪತಿಗಳ ಬಳಿಗೇ ಹೋದರು. ಹೈಕಮಾಂಡ್ ಎರಡೂ ಬಣಗಳನ್ನು ಬಿಟ್ಟು ಕೆ.ವಿ. ಗೌತಮ್ ಅವರನ್ನು ನಿಲ್ಲಿಸಿತು. ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಐದರಲ್ಲಿ ಕಾಂಗ್ರೆಸ್ ಶಾಸಕರೇ ಇದ್ದರೂ ಜೆಡಿಎಸ್‌ನ ಮಲ್ಲೇಶ್ ಬಾಬು 71 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಈಗ ನೋಡಿ. ಸುಧಾಕರ್ ಅವರ ಅಜ್ಜ ಆಂಜನೇಯರೆಡ್ಡಿ, ತಂದೆ ಚೌಡರೆಡ್ಡಿ ಇಬ್ಬರೂ ಚಿಂತಾಮಣಿಯ ಶಾಸಕರಾಗಿದ್ದವರು. ಇವರದು ಮೂರನೇ ತಲೆಮಾರು. ರಾಜಿ ಅಭ್ಯರ್ಥಿ ಗೌತಮ್ ಬೆಂಗಳೂರಿನ ಮಾಜಿ ಮೇಯರ್ ಮಗ. ಕೆಜಿಎಫ್‌ನಲ್ಲಂತೂ 2008ರಲ್ಲಿ ಬಿಜೆಪಿಯ ವೈ. ಸಂಪಂಗಿ, 2013ರಲ್ಲಿ ಅವರ ತಾಯಿ ರಾಮಕ್ಕ, ಆಮೇಲೆ ಎರಡು ಸಲ ಮಗಳು ಅಶ್ವಿನಿ ಅಭ್ಯರ್ಥಿ. ಒಬ್ಬರ ಮಗಳ ಎದುರು ಇನ್ನೊಬ್ಬರ ಮಗಳು! ವೇಮಗಲ್‌ನ ಸಿ. ಬೈರೇಗೌಡರು ತೀರಿಕೊಂಡಾಗ 2003ರ ಉಪಚುನಾವಣೆಗೆ ಮಗ ಕೃಷ್ಣ ಬೈರೇಗೌಡ ಬಂದರು. ಪುನರ್ವಿಂಗಡಣೆಯಲ್ಲಿ ವೇಮಗಲ್ ಕ್ಷೇತ್ರವೇ ಹೋಯಿತು, ಅವರು ಬ್ಯಾಟರಾಯನಪುರಕ್ಕೆ ಹೋಗಿ ಅಲ್ಲಿ ನಾಲ್ಕು ಸಲ ಗೆದ್ದರು. ತಂದೆಯ ಹೆಸರಿನಿಂದ ಬಂದರೂ ಹೊಸ ಜಾಗದಲ್ಲಿ ಸ್ವಂತ ಕೆಲಸದಿಂದ ನಿಂತರು ಎಂಬುದು ನನ್ನ ಲೆಕ್ಕ.

ವ್ಯಾಪಾರಸ್ಥರಾದ ನಮ್ಮಲ್ಲೂ ಅಪ್ಪನ ಗಲ್ಲಾದಲ್ಲಿ ಮಗ ಕೂರುತ್ತಾನೆ. ಹಾಗಾಗಿ ವಂಶ ರಾಜಕಾರಣವನ್ನು ಬೈಯಲು ನನಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ಆದರೆ ಅಂಗಡಿಯಲ್ಲಿ ಬಂಡವಾಳ ನಮ್ಮದು, ಮಗ ಮುಳುಗಿಸಿದರೆ ನಷ್ಟವೂ ನಮ್ಮದೇ. ಇಲ್ಲಿ ನಷ್ಟ ಊರಿನದು. ಅಶ್ವಿನಿ ಎರಡು ಸಲ ಸೋತರು, ಏಳು ಸಲ ಗೆದ್ದ ಮುನಿಯಪ್ಪನವರೂ ಸೋತರು. ಮನೆತನ ಟಿಕೆಟ್ ತಂದುಕೊಡುತ್ತದೆ, ವೋಟು ಬೇರೆ. ಮತದಾರ ಬದಲಾಯಿಸಬಲ್ಲ, ಆದರೆ ಅವನ ಮುಂದೆ ಬರುವ ಹೆಸರುಗಳನ್ನು ಆರಿಸುವವರು ಅದೇ ನಾಲ್ಕಾರು ಮನೆಗಳವರು.

ಈ ಗದ್ದಲದಲ್ಲಿ ಶ್ರೀನಿವಾಸಪುರಕ್ಕೆ ಘೋಷಣೆಯಾಗಿದ್ದ ರೈಲ್ವೆ ಕೋಚ್ ಕಾರ್ಖಾನೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಗಾಗುವ ಮೊದಲೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಆ ಕಾರ್ಖಾನೆ ಎಲ್ಲಿ ಹೋಯಿತು ಎಂದು ಮುಂದಿನ ಸಲ ವೋಟು ಕೇಳಲು ಬಂದವರನ್ನು, ಅವರು ಯಾರ ಮಗನಾಗಲಿ, ಮಗಳಾಗಲಿ, ನಾನಂತೂ ಕೇಳುವವನೇ.