ಯಾರದೋ ಹವ್ಯಾಸ, ನಮ್ಮ ಸಂಬಳ

ಸ್ಕೋಫೀಲ್ಡ್ಸ್, ದಿ ಪಾಂಡ್ಸ್, ಟ್ಯಾಲವಾಂಗ್, ಮಾರ್ಸ್‌ಡನ್ ಪಾರ್ಕ್: ಸಿಡ್ನಿಯ ವಾಯವ್ಯ ಅಂಚಿನ ಈ ಊರುಗಳಲ್ಲಿ ಕನ್ನಡ ಕೇಳಿಸುವ ಮನೆಗಳಿಗೆ ಇಂದು ಬರವಿಲ್ಲ. ಅವುಗಳಲ್ಲಿ ಒಂದಷ್ಟು ಮನೆಗಳಿಗೆ ಅನ್ನ ಬರುವುದು ಲಿನಕ್ಸ್‌ನಿಂದ. ಬ್ಯಾಂಕಿನ, ಆಸ್ಪತ್ರೆಯ, ವಿಮಾ ಕಂಪನಿಯ ಸರ್ವರ್‌ಗಳು ನಿಲ್ಲದಂತೆ ನೋಡಿಕೊಳ್ಳುವ, ನಿಂತರೆ ರಾತ್ರಿ ಎದ್ದು ಕೂರುವ ಕೆಲಸ ನಮ್ಮದು. ವೀಸಾ ಅರ್ಜಿಯಲ್ಲಿ ನಮ್ಮಂಥವರಿಗೆಂದೇ ಒಂದು ಸಂಖ್ಯೆ ಇದೆ: 262113, ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್. ಓದು, ಅನುಭವ, ವಯಸ್ಸು, ಇಂಗ್ಲಿಷ್ ಪರೀಕ್ಷೆಯ ಅಂಕ, ಎಲ್ಲಕ್ಕೂ ಅಲ್ಲಿ ಪಾಯಿಂಟ್ ಉಂಟು. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕಾಲು ಶತಮಾನದ ಲೆಕ್ಕ ತೆಗೆಯಲು ಕೂತಾಗ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿರುವುದು ಆ ಬಿಟ್ಟುಹೋದ ಪ್ರಶ್ನೆಯೇ.

ಕಾಲು ಶತಮಾನ ಎಂದದ್ದಕ್ಕೆ ಕಾರಣವಿದೆ. 2001ರ ಜನವರಿಯಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ‘ಲಿನಕ್ಸ್ ಡಾಟ್ ಕಾನ್ಫ್ ಡಾಟ್ ಎಯು’ ಹೆಸರಿನಲ್ಲಿ ಮೊದಲ ಸಮ್ಮೇಳನ ನಡೆಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಶುರುವಾಯಿತು. ಅದರ ಮುಂದಾಳು ಅತುಲ್ ಚಿಟ್ನಿಸ್. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಲಿನಕ್ಸ್ ಸಿಡಿ ಓದುಗರ ಕೈಸೇರಿದಾಗಲೂ ಆ ಹೆಸರು ಮುಂದಿತ್ತು. ನನ್ನ ವಯಸ್ಸಿನ ಎಷ್ಟೋ ಜನ ಈ ವಿದ್ಯೆ ಹಿಡಿದದ್ದು ಅಂಥ ಸಿಡಿಗಳಿಂದ. ಹಾಸ್ಟೆಲ್ಲಿನಲ್ಲಿ, ಯಾರದೋ ಕಂಪ್ಯೂಟರಿನಲ್ಲಿ, ಅವರ ವಿಂಡೋಸ್ ಅಳಿಸಿಹೋಗದಿರಲಿ ಎಂದು ಉಸಿರು ಬಿಗಿಹಿಡಿದು. ಆಸ್ಟ್ರೇಲಿಯಾದಲ್ಲಿ ಸಿಡ್ನಿಗಿಂತ ಮುಂಚೆ, 1999ರಲ್ಲಿ, ಮೆಲ್ಬರ್ನ್‌ನಲ್ಲಿ ಒಂದು ಕೂಟ ನಡೆದಿತ್ತು. ಅದಕ್ಕೆ ಕೈಯಿಂದ ದುಡ್ಡು ಹಾಕಿದವರು ರಸ್ಟಿ ರಸೆಲ್. ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬಾಗಿಲು ಕಾಯ್ದ ಐಪಿಟೇಬಲ್ಸ್ ಫೈರ್‌ವಾಲ್ ಅವರದೇ ಕೆಲಸ. ನಮ್ಮ ವೃತ್ತಿಯ ತಳಪಾಯಕ್ಕೆ ಕಲ್ಲು ಹೊತ್ತವರು ಹೀಗೆ, ಯಾರ ಅಪ್ಪಣೆಗೂ ಕಾಯದೆ, ತಮ್ಮ ಖುಷಿಗೆ ಹೊತ್ತವರು.

ಲಿನಕ್ಸ್ ಹುಟ್ಟಿದ್ದೇ ಹಾಗೆ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ 21ರ ಹರೆಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ತಿಳಿಸಿದ್ದ. 2017ರ ನವೆಂಬರ್ ಹೊತ್ತಿಗೆ ಲೋಕದ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳಲ್ಲಿ ಐನೂರೂ ಲಿನಕ್ಸ್‌ನಲ್ಲೇ ಓಡುತ್ತಿದ್ದವು.

ಈ ನೆಲದ ಪಾಲೂ ಸಣ್ಣದಲ್ಲ. ಅದೇ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ 1970ರ ದಶಕದಲ್ಲಿ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಆರನೇ ಆವೃತ್ತಿಯ ಸುಮಾರು 9,000 ಸಾಲುಗಳ ಮೂಲ ಕೋಡನ್ನು ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕಿಸಿ, ಅದಕ್ಕೆ ವ್ಯಾಖ್ಯಾನ ಬರೆದರು. ಪರವಾನಗಿಯ ನಿಯಮ ಬಿಗಿಯಾಗಿ ಅದನ್ನು ಹಂಚುವಂತಿಲ್ಲ ಎಂದಾಯಿತು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅದು ಜೆರಾಕ್ಸ್‌ನ ಜೆರಾಕ್ಸ್ ಆಗಿ ದೇಶದೇಶ ಸುತ್ತಿತು. ಪುಸ್ತಕವಾಗಿ ಬಹಿರಂಗವಾಗಿ ಪ್ರಕಟವಾದದ್ದು 1996ರಲ್ಲಿ. ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಪಿಎಚ್‌ಡಿ ಮಾಡುತ್ತಿದ್ದ ಕಾಲದಲ್ಲಿ ಕಡತ ಹಂಚಿಕೊಳ್ಳುವ ಸ್ಯಾಂಬಾ ಬರೆದರು, ಕಡತ ನಕಲಿಸುವ ಆರ್‌ಸಿಂಕ್ ಬರೆದರು. ಇಂದಿಗೂ ರಾತ್ರಿ ಬ್ಯಾಕಪ್ ಓಡಿಸುವಾಗ ನನ್ನ ಕೈ ಮೊದಲು ಹೋಗುವುದು ಆ ಆರ್‌ಸಿಂಕ್‌ಗೇ. ಅವರ ಆಸಕ್ತಿ ಅಲ್ಲಿಗೇ ನಿಲ್ಲದೆ ಡ್ರೋನ್ ಹಾರಿಸುವ ಆರ್ಡುಪೈಲಟ್ ತಂತ್ರಾಂಶಕ್ಕೂ ಹರಿಯಿತು.

ನನ್ನ ಮನಸ್ಸಿಗೆ ಇವರೆಲ್ಲರಿಗಿಂತ ಹತ್ತಿರವಾದವರು ಮೆಲ್ಬರ್ನ್‌ನ ಕಾನ್ ಕೊಲಿವಾಸ್. ವೃತ್ತಿಯಿಂದ ಅರಿವಳಿಕೆ ವೈದ್ಯರು. ಹಗಲು ಆಪರೇಷನ್ ಥಿಯೇಟರ್. ಬಿಡುವಿನಲ್ಲಿ ತಾವೇ ಕಲಿತ ಸಿ ಭಾಷೆಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್. ದೊಡ್ಡ ಸರ್ವರ್‌ಗಳನ್ನೇ ಎಲ್ಲರೂ ನೋಡುತ್ತಿದ್ದಾಗ, ಮನೆಯ ಕಂಪ್ಯೂಟರಿನಲ್ಲಿ ಹಾಡು ಕೇಳುವವನಿಗೆ ಅದು ತಡವರಿಸಬಾರದು ಎಂಬುದೊಂದೇ ಅವರ ಹಟ. ಪ್ರೊಸೆಸರ್‌ನ ಸಮಯವನ್ನು ಕೆಲಸಗಳಿಗೆ ಹಂಚುವ ಶೆಡ್ಯೂಲರ್ ನ್ಯಾಯವಾಗಿರಬೇಕು ಎಂದು ವರ್ಷಗಟ್ಟಲೆ ಪ್ಯಾಚ್ ಬರೆದರು. 2007ರಲ್ಲಿ ಕರ್ನಲ್‌ಗೆ ಸೇರಿದ್ದು ಇನ್ನೊಬ್ಬರು ಬರೆದ ಶೆಡ್ಯೂಲರ್. ನ್ಯಾಯದ ಹಂಚಿಕೆಯ ವಿಚಾರ ಇವರಿಂದ ಬಂದದ್ದೆಂದು ಅದನ್ನು ಬರೆದವರೇ ಒಪ್ಪಿಕೊಂಡರು. ಕೊಲಿವಾಸ್ ನೊಂದು ದೂರ ಸರಿದರು. 2009ರಲ್ಲಿ ಹೊಸ ಶೆಡ್ಯೂಲರ್ ಹಿಡಿದು ಮತ್ತೆ ಬಂದರು. ಸಂಬಳ ಕೊಡದ ಕೆಲಸಕ್ಕೆ ಮನುಷ್ಯ ಹೀಗೆ ಮರಳಿ ಬರುವುದನ್ನು ನೋಡಿದರೆ, ಹವ್ಯಾಸವೆಂದರೆ ಹೊತ್ತು ಕಳೆಯುವುದು ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ವೃತ್ತಿಯ ಕಡೆಗೆ ಬಂದರೆ, ಆಸ್ಟ್ರೇಲಿಯಾದ ಲಿನಕ್ಸ್ ಕೆಲಸಕ್ಕೆ ಗಡಿಯಾರದ ಒಂದು ವಿಶೇಷ ಉಂಟು. ಲೋಕದ ಮಧ್ಯರಾತ್ರಿ ನಮಗೆ ಹಗಲು. 2012ರ ಜೂನ್ 30ರ ಕೊನೆಗೆ ಅಂತಾರಾಷ್ಟ್ರೀಯ ಸಮಯಕ್ಕೆ ಒಂದು ಸೆಕೆಂಡ್ ಹೆಚ್ಚು ಸೇರಿಸಿದರು. ಆಗ ಸಿಡ್ನಿಯಲ್ಲಿ ಜುಲೈ 1ರ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕರ್ನಲ್‌ನ ಒಳಗಿನ ಒಂದು ಟೈಮರ್ ಆ ಸೆಕೆಂಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅರೆಕ್ಷಣ ಕಾದು ಏಳಬೇಕಾದ ಪ್ರೋಗ್ರಾಮ್‌ಗಳು ಕಾಯದೆಯೇ ಎದ್ದವು, ಮತ್ತೆ ಮಲಗಿ ಮತ್ತೆ ಎದ್ದವು. ಜಾವಾ, ಮೈಎಸ್‌ಕ್ಯೂಎಲ್ ಓಡುತ್ತಿದ್ದ ಯಂತ್ರಗಳ ಪ್ರೊಸೆಸರ್ ನೂರಕ್ಕೆ ನೂರು ಏರಿ ನಿಂತಿತು. ಕ್ವಾಂಟಾಸ್ ಬಳಸುತ್ತಿದ್ದ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು ವಿಮಾನಗಳು ತಡವಾದವು. ಪರಿಹಾರ ಎಷ್ಟು ಸರಳವಾಗಿತ್ತೆಂದರೆ, ಡೇಟ್ ಎಂಬ ಆಜ್ಞೆಯಿಂದ ಗಡಿಯಾರಕ್ಕೆ ಅದು ತೋರಿಸುತ್ತಿದ್ದ ಸಮಯವನ್ನೇ ಮತ್ತೊಮ್ಮೆ ಹಾಕಿದರೆ ಸಾಕು, ಯಂತ್ರ ತಣ್ಣಗಾಗುತ್ತಿತ್ತು. ಆದರೆ ಆ ಒಂದು ಸಾಲು ತಿಳಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಭಾನುವಾರದ ದೋಸೆ ಹಿಟ್ಟು ಫ್ರಿಜ್ಜಿಗೆ ವಾಪಸ್ ಹೋಗಿತ್ತು.

2014ರಲ್ಲಿ ಏಪ್ರಿಲ್‌ನ ಹಾರ್ಟ್‌ಬ್ಲೀಡ್, ಸೆಪ್ಟೆಂಬರ್‌ನ ಶೆಲ್‌ಶಾಕ್ ಎಂಬ ಭದ್ರತಾ ಲೋಪಗಳು ಬಯಲಾದವು. ಆ ವರ್ಷ ಪ್ಯಾಚ್ ಹಾಕುವುದರಲ್ಲೇ ಕಳೆಯಿತು. ಅಷ್ಟರಲ್ಲಿ ಕೆಲಸದ ರೂಪವೇ ಬದಲಾಗತೊಡಗಿತ್ತು. ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಸಿಡ್ನಿಯಲ್ಲಿ 2012ರ ನವೆಂಬರ್‌ನಲ್ಲಿ, ಮೆಲ್ಬರ್ನ್‌ನಲ್ಲಿ 2023ರ ಜನವರಿಯಲ್ಲಿ ತೆರೆಯಿತು. ಮೊದಲೆಲ್ಲ ಡೇಟಾ ಸೆಂಟರಿಗೆ ಹೋಗಿ, ಇಬ್ಬರು ಸೇರಿ ಸರ್ವರ್ ಎತ್ತಿ ರ‍್ಯಾಕಿನ ಹಳಿಗೆ ಕೂರಿಸುತ್ತಿದ್ದೆವು. ಫ್ಯಾನಿನ ಸದ್ದಿನ ನಡುವೆಯೂ ಸಾಯುತ್ತಿರುವ ಡಿಸ್ಕಿನ ಕಟಕಟ ಕಿವಿಗೆ ಸಿಗುತ್ತಿತ್ತು. ಈಗ ಒಂದು ಕಡತದಲ್ಲಿ ಹತ್ತು ಸಾಲು ಬರೆದರೆ ನೂರು ಸರ್ವರ್ ಏಳುತ್ತವೆ. ಅವು ಎಲ್ಲಿವೆಯೋ ನಾವು ಕಂಡಿಲ್ಲ. ನಮ್ಮ ಪಕ್ಕದ ನಿರಿಂಬಾದಲ್ಲಿ, ಹಳೆಯ ವಿಮಾನ ನಿಲ್ದಾಣದ ಆವರಣದಲ್ಲಿ, 1994ರ ತನಕ ನೌಕಾಪಡೆಯ ಹುಡುಗರು ಯಂತ್ರ ಬಿಚ್ಚಿ ಜೋಡಿಸಿ ಕಸುಬು ಕಲಿಯುತ್ತಿದ್ದರು. ಆ ಬಗೆಯ ಕಲಿಕೆ ನಮ್ಮ ಕೆಲಸದಿಂದ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅದು ಉಳಿದಿದ್ದರೆ ಮನೆಯ ಹಿತ್ತಲಲ್ಲಿ ಉಳಿದಿದೆ.

ನನ್ನ ಹಿತ್ತಲಲ್ಲಿ ಅದು ರೇಡಿಯೊ ರೂಪದಲ್ಲಿ ಇತ್ತು. ಅಮೆರಿಕದ ನೋವಾ 15, 18, 19 ಎಂಬ ಹವಾಮಾನ ಉಪಗ್ರಹಗಳು ಭೂಮಿಯಿಂದ 800 ಕಿ.ಮೀ.ಗೂ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ 137 ಮೆಗಾಹರ್ಟ್ಸ್‌ನಲ್ಲಿ ತಾವು ಕಂಡದ್ದನ್ನು ಕಂಡ ಹಾಗೇ ಬಿತ್ತರಿಸುತ್ತಿದ್ದವು. ಹಿಡಿಯಲು ಬೇಕಾದದ್ದು 53 ಸೆಂಟಿಮೀಟರಿನ ಎರಡು ಅಲ್ಯುಮಿನಿಯಂ ಸರಳು, ಅವುಗಳ ನಡುವೆ 120 ಡಿಗ್ರಿ ಕೋನ, ಟಿವಿ ನೋಡಲೆಂದು ಮಾಡಿದ ಅಗ್ಗದ ಯುಎಸ್‌ಬಿ ರಿಸೀವರ್, ಲಿನಕ್ಸ್ ಹಾಕಿದ ರಾಸ್ಪ್‌ಬೆರಿ ಪೈ. ಉಪಗ್ರಹ ದಿಗಂತದ ಮೇಲೆ ಬರುವ ಹೊತ್ತಿಗೆ ತಾನಾಗಿ ಎದ್ದು ದನಿ ಮುದ್ರಿಸುವಂತೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು. ಮೊದಲು ಬರೀ ಗರಗರ. ಮೆಲ್ಲಗೆ ಅದರೊಳಗಿಂದ ತಾಳ ಹಿಡಿದ ಟಿಕ್ಕು-ಟಿಕ್ಕು. ಸೆಕೆಂಡಿಗೆ ಎರಡು ಗೆರೆಯಂತೆ ಚಿತ್ರ ಮೂಡುತ್ತಿತ್ತು: ಟಾಸ್ಮೇನಿಯಾದ ಅಂಚು, ಬಾಸ್ ಜಲಸಂಧಿಯ ಮೋಡ, ಮೆಲ್ಬರ್ನ್‌ನ ಕೊಲ್ಲಿ, ನಮ್ಮ ಕರಾವಳಿ. ಹನ್ನೆರಡು ಹದಿಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. ಕೆಲಸದಲ್ಲಿ ಕಲಿತ ಸ್ಕ್ರಿಪ್ಟು, ಲಾಗು, ತಾಳ್ಮೆ ಎಲ್ಲವೂ ಇಲ್ಲಿ ಬಳಕೆಗೆ ಬಂತು. ಇಲ್ಲಿ ಕಲಿತ ಆಂಟೆನಾ, ಅಲೆ, ಗದ್ದಲದೊಳಗಿಂದ ಸಂಕೇತ ಹೆಕ್ಕುವ ಕಿವಿ ಕೆಲಸಕ್ಕೂ ಬಂತು. 2025ರಲ್ಲಿ ಆ ಮೂರೂ ಉಪಗ್ರಹಗಳನ್ನು ಸೇವೆಯಿಂದ ನಿವೃತ್ತಿಗೊಳಿಸಿದರು. ಮನೆಯ ಹಳೆಯ ಗಡಿಯಾರ ನಿಂತಷ್ಟು ನೋವಾಯಿತು.

ಸ್ನೇಹಿತರ ಹವ್ಯಾಸಗಳು ಬೇರೆ ಬೇರೆ. ಹ್ಯಾಮ್ ರೇಡಿಯೊದಲ್ಲಿ ಇಲ್ಲಿಯ ವಿಕೆ2 ಕರೆಸಂಕೇತ ಪಡೆದವರಿದ್ದಾರೆ, ಯಕ್ಷಗಾನದ ತಾಳಮದ್ದಳೆಗೆ ಕೂರುವವರಿದ್ದಾರೆ, ಎಂ7 ಹೆದ್ದಾರಿಯ ಪಕ್ಕದ ಹಾದಿಯಲ್ಲಿ ಸೈಕಲ್ ತುಳಿಯುವವರು, ಪಶ್ಚಿಮ ಸಿಡ್ನಿಯ ಜುಲೈನ ಹೆಪ್ಪುಗಟ್ಟಿದ ಇಬ್ಬನಿಗೆ ಕರಿಬೇವು ಸುಟ್ಟುಹೋಗದಂತೆ ಕುಂಡವನ್ನು ಒಳಗೆ ಹೊರಗೆ ಸಾಗಿಸುವವರು. ಆಕಾಶ ನೋಡುವವರಿಗೆ ಇದು ಬೇರೆಯದೇ ಊರು. ಬೆಂಗಳೂರಿನಲ್ಲಿ ದಕ್ಷಿಣಕ್ಕೆ ತಗ್ಗಿನಲ್ಲಿ ಕಾಣುವ ಅಗಸ್ತ್ಯ ಇಲ್ಲಿ ಬೇಸಿಗೆಯ ರಾತ್ರಿ ನೆತ್ತಿಗೆ ಸಮೀಪ ಬರುತ್ತದೆ. ತ್ರಿಶಂಕು ನಕ್ಷತ್ರಪುಂಜ ವರ್ಷವಿಡೀ ಮುಳುಗುವುದೇ ಇಲ್ಲ. ಧ್ರುವ ನಕ್ಷತ್ರ ಕಾಣುವುದಿಲ್ಲ. ಅರುಂಧತಿ ಉತ್ತರ ದಿಗಂತಕ್ಕೆ ತಾಗಿದಂತೆ ಬಂದು ಹೋಗುವುದರಿಂದ ಮದುವೆಯಲ್ಲಿ ಅವಳನ್ನು ತೋರಿಸುವ ಶಾಸ್ತ್ರಕ್ಕೆ ಸಿಡ್ನಿಯ ಆಕಾಶ ಒದಗುವುದಿಲ್ಲ. ಇಂಥದ್ದನ್ನು ಮಕ್ಕಳಿಗೆ ಹೇಳಬಲ್ಲ ತಂದೆತಾಯಿ ಇರುವ ಮನೆ ಸಾಲದ ಕಂತು ಮಾತ್ರ ಮಾತಾಡುವ ಮನೆಗಿಂತ ಹೆಚ್ಚು ಜೀವಂತವಾಗಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕನ್ನಡಿಗರಿಗೆ ಇದು ಹೊಸ ಪಾಠವೂ ಅಲ್ಲ. ಶಿವರಾಮ ಕಾರಂತರ ಆಸಕ್ತಿಗಳನ್ನು ಎಣಿಸಹೊರಟರೆ ದಿನ ಸಾಲದು. ಮೂಡಿಗೆರೆಯ ತೋಟದಲ್ಲಿ ಕೂತ ತೇಜಸ್ವಿ ಮೀನು ಹಿಡಿದರು, ಹಕ್ಕಿಯ ಚಿತ್ರ ತೆಗೆದರು, ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರಬೇಕೆಂದು ಕೊನೆಯ ವರ್ಷಗಳಲ್ಲಿ ಪಟ್ಟುಹಿಡಿದರು. ಕೆ.ಪಿ. ರಾವ್ ಅವರು ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರಿಗೆ ನೆರವಾದರು, ಅಕ್ಷರ ಜೋಡಣೆಯ ಯಂತ್ರಗಳಲ್ಲಿ ದುಡಿದರು, ನಾವೆಲ್ಲ ಬಳಸುವ ಕನ್ನಡ ಕೀಲಿಮಣೆ ವಿನ್ಯಾಸ ರೂಪಿಸಿ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು.

ಇಲ್ಲಿಗೆ ಲೆಕ್ಕದ ಕಹಿ ಭಾಗ ಬರುತ್ತದೆ. 2024ರ ಮಾರ್ಚ್ ಕೊನೆಗೆ, ಈಸ್ಟರ್ ರಜೆಯ ನಡುವೆ, ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ದೂರದ ಸರ್ವರ್‌ಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುವುದೇಕೆ ಎಂದು ಕೆದಕಿ, ಎಕ್ಸ್‌ಝಡ್ ಎಂಬ ಪುಟ್ಟ ಲೈಬ್ರರಿಯೊಳಗೆ ಯಾರೋ ಹುದುಗಿಸಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಲೋಕದ ಸರ್ವರ್‌ಗಳೆಲ್ಲ ನೆಚ್ಚಿಕೊಂಡಿದ್ದ ಆ ಲೈಬ್ರರಿಯನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದ ಹವ್ಯಾಸವಾಗಿ. ಅವರು ಬಳಲಿದ್ದರು, ನೆರವಿನ ಸೋಗಿನಲ್ಲಿ ಬಂದವನ ಕೈಗೆ ಬೀಗದಕೈ ಹೋಗಿತ್ತು. ಆ ಲೈಬ್ರರಿ ನಮ್ಮ ಪ್ರತಿ ಸರ್ವರಿನಲ್ಲೂ ಇತ್ತು, ನಮ್ಮ ಪ್ರತಿ ತಿಂಗಳ ಸಂಬಳದಲ್ಲೂ ಅವರ ದುಡಿಮೆಯ ಒಂದು ಎಳೆ ಇತ್ತು. ಅವರ ಹೆಸರು ನಮ್ಮಲ್ಲಿ ಬಹುಪಾಲು ಜನಕ್ಕೆ ಆ ವಾರಾಂತ್ಯದ ತನಕ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾವು ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು, ಊರಿಗೆ ಹಣ ಕಳಿಸಿದೆವು. ಯಾರದೋ ಬಿಡುವಿನ ವೇಳೆಯಿಂದ ಇಷ್ಟೆಲ್ಲ ಪಡೆದ ನಾವು ನಮ್ಮ ಬಿಡುವಿನಿಂದ ವಾಪಸ್ ಕೊಟ್ಟದ್ದು ತೀರ ಕಡಿಮೆ. ಸಮ್ಮೇಳನಗಳ ಕಥೆಯನ್ನೇ ನೋಡಿ: ಬೆಂಗಳೂರಿನದು 2012ರ ನಂತರ ನಡೆಯಲಿಲ್ಲ; ಇಲ್ಲಿಯದು 2022ಕ್ಕೆ ಕೊನೆಯಾಗಿ, 2023ರಲ್ಲಿ ಮೆಲ್ಬರ್ನ್‌ನಲ್ಲಿ ‘ಎವ್ರಿಥಿಂಗ್ ಓಪನ್’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಎದ್ದಿತು. ಎಬ್ಬಿಸಿದವರು ಈ ಸಲವೂ ಸ್ವಯಂಸೇವಕರೇ.

ಮಾಡಬಹುದಾದ ಕೆಲಸ ಕಣ್ಣೆದುರೇ ಬಿದ್ದಿದೆ. ಲಿಬ್ರೆ ಆಫೀಸಿನ ಕನ್ನಡ ಅನುವಾದಕ್ಕೆ, ಕನ್ನಡ ಕಾಗುಣಿತ ಪರೀಕ್ಷಕಕ್ಕೆ, ಹಳೆಯ ಪುಸ್ತಕದ ಪುಟವನ್ನು ಅಕ್ಷರವಾಗಿಸುವ ಟೆಸರ‍್ಯಾಕ್ಟ್‌ಗೆ, ವಿಕಿಸೋರ್ಸ್‌ನ ಕರಡು ತಿದ್ದುವುದಕ್ಕೆ ಜನ ಬೇಕು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಕಸದ ಗಾಡಿಗೆ ಕಾಯುತ್ತಿವೆ. ಅವಕ್ಕೆ ಲಿನಕ್ಸ್ ಹಾಕಿ, ಅಕ್ಷರ ಮೂಡಿಸುವ ಐಬಸ್ ಜತೆಗೆ ಎಂ17ಎನ್‌ನ ಕೆಜಿಪಿ, ಅಂದರೆ ಕೆ.ಪಿ. ರಾವ್ ವಿನ್ಯಾಸದ, ಕೀಲಿಮಣೆ ಸೇರಿಸಿ, ಗುಬ್ಬಿ, ನವಿಲು, ಲೋಹಿತ್ ಫಾಂಟುಗಳನ್ನು ಕೂರಿಸಿದರೆ ವಾರಾಂತ್ಯದ ಕನ್ನಡ ಶಾಲೆಯ ಮಗುವಿಗೆ ತನ್ನದೇ ಕಂಪ್ಯೂಟರ್ ಸಿಗುತ್ತದೆ. ಕೊಡುವ ಮೊದಲು ‘ಸೂರ್ಯ’ ಮತ್ತು ‘ರ‍್ಯಾಂಕ್’ ಎಂಬ ಎರಡು ಪದ ಹೊಡೆದು ನೋಡಿ. ಮೊದಲನೆಯದರಲ್ಲಿ ಅರ್ಕಾವೊತ್ತು ಬರಬೇಕು, ಎರಡನೆಯದರಲ್ಲಿ ಬರಬಾರದು. ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇವೆರಡನ್ನೂ ಬೇರ್ಪಡಿಸುತ್ತದೆ. ಫಾಂಟು ಅಲ್ಲಿ ಎಡವಿದರೆ ಬದಲಿಸಿ, ಫಾಂಟು ಮಾಡಿದವರಿಗೆ ಬಗ್ ರಿಪೋರ್ಟ್ ಕಳಿಸಿ. ಹಳೆಯ ಬ್ಯಾಟರಿಗಳು ಅರ್ಧ ಗಂಟೆಯೂ ತಾಳುವುದಿಲ್ಲವಾದ್ದರಿಂದ ಚಾರ್ಜರನ್ನೂ ಜತೆಗೇ ಕೊಡಿ.