ಅಂತರಜಾಲದಲ್ಲಿ ಅಚೌರ್ಯಾಣುವ್ರತ

ಕೊಡದಿದ್ದುದನ್ನು ಪ್ರಮಾದವಶನಾಗಿ ತೆಗೆದುಕೊಳ್ಳುವುದೇ ಚೌರ್ಯವೆಂಬುದು ಜಿನಾಗಮದ ನಿರ್ಣಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಮಾಡಿರುವ ಈ ವಿವೇಚನೆಯಲ್ಲಿ ವಸ್ತುವಿನ ಬೆಲೆಯ ಪ್ರಸ್ತಾಪವಿಲ್ಲ. ವಸ್ತುವು ಒಡೆಯನ ಮನೆಯಿಂದ ಮರೆಯಾಗಲೇಬೇಕೆಂಬ ನಿಬಂಧನೆಯೂ ಇಲ್ಲ. ಒಡೆಯನು ಕೊಟ್ಟನೇ ಇಲ್ಲವೇ ಎಂಬುದೇ ಮುಖ್ಯ ಪ್ರಶ್ನೆ. ಅಂಗಡಿಯ ತಕ್ಕಡಿಯ ಮುಂದೆ ಈ ಪ್ರಶ್ನೆಯನ್ನು ಮರೆಯದ ಶ್ರಾವಕನು ಗಣಕಯಂತ್ರದ ಮುಂದೆ ಕುಳಿತೊಡನೆ ಅದನ್ನು ಮರೆಯುವುದೇಕೆ?

ಬಸದಿಯೊಂದರ ಟ್ರಸ್ಟು ತನ್ನ ಜಾಲತಾಣವನ್ನು ರೂಪಿಸುತ್ತಿದೆಯೆನ್ನೋಣ. ಮಹಾಮಸ್ತಕಾಭಿಷೇಕದ ಸುಂದರ ಚಿತ್ರವೊಂದು ಬೇರೊಬ್ಬರ ತಾಣದಲ್ಲಿದೆ. ಅದನ್ನು ತನ್ನಲ್ಲಿ ಇರಿಸಿಕೊಳ್ಳದೆ, ಆ ಕಡತದ ವಿಳಾಸವನ್ನಷ್ಟೇ ತನ್ನ ಪುಟದೊಳಗೆ ಸೇರಿಸಿದರೆ ಸಾಕು. ಯಾರು ಯಾವಾಗ ಬಸದಿಯ ಪುಟವನ್ನು ತೆರೆದರೂ ಚಿತ್ರವು ಆ ಬೇರೊಬ್ಬರ ಸರ್ವರಿನಿಂದ ಹರಿದುಬಂದು ಇಲ್ಲಿ ಮೂಡುತ್ತದೆ. ಇದಕ್ಕೆ ಹಾಟ್‌ಲಿಂಕಿಂಗ್ ಎಂದು ಹೆಸರು. ಚಿತ್ರ ತೋರಿಸಿದ ಕೀರ್ತಿ ಬಸದಿಗೆ, ಅದನ್ನು ಸಾಗಿಸಿದ ವೆಚ್ಚ ಅಪರಿಚಿತನಿಗೆ. ಸರ್ವರಿನ ಬಾಡಿಗೆಯನ್ನೂ, ಅನೇಕ ಕಡೆ ಸಾಗಿದ ದತ್ತಾಂಶದ ಪ್ರಮಾಣಕ್ಕೆ ತಕ್ಕ ಶುಲ್ಕವನ್ನೂ ತೆರುವವನು ಅವನೇ.

ಇದನ್ನು ಸಮರ್ಥಿಸುವವರ ಮೊದಲ ವಾದ: ಅಂತರಜಾಲದಲ್ಲಿ ಇಟ್ಟದ್ದು ಎಲ್ಲರಿಗೂ ಕೊಟ್ಟದ್ದೇ, ಸಾರ್ವಜನಿಕವಾದ ನೀರು, ಮಣ್ಣುಗಳನ್ನು ತೆಗೆದುಕೊಳ್ಳಲು ಅಣುವ್ರತಿಗೂ ವಿನಾಯಿತಿ ಇದೆಯಲ್ಲವೇ? ವಿನಾಯಿತಿ ಇರುವುದು ಯಾರೊಬ್ಬರ ಸ್ವತ್ತೂ ಅಲ್ಲದ ನೀರಿಗೆ. ಸರ್ವರು ಹೊಳೆಯಲ್ಲ, ಅದು ಅರವಟ್ಟಿಗೆ. ದಾರಿಹೋಕನು ಅಲ್ಲಿಗೆ ಬಂದು ನೀರು ಕುಡಿಯಲೆಂದೇ ಪುಣ್ಯವಂತನೊಬ್ಬನು ಅದನ್ನು ಇಟ್ಟಿದ್ದಾನೆ. ಅವನ ಹಂಡೆಗೆ ಕೊಳವೆ ಜೋಡಿಸಿ, ತನ್ನ ಮನೆಯಂಗಳಕ್ಕೆ ನೀರು ಹರಿಸಿಕೊಂಡು, ಅಲ್ಲಿ ತನ್ನ ಹೆಸರಿನ ಫಲಕ ತೂಗಿಹಾಕುವವನು ದಾರಿಹೋಕನೂ ಅಲ್ಲ, ದಾನಿಯೂ ಅಲ್ಲ.

ಎರಡನೆಯ ವಾದ: ಒಂದು ಚಿತ್ರದಿಂದ ಆಗುವ ನಷ್ಟವೆಷ್ಟು? ಇದಕ್ಕೆ ಭಾರತದಿಂದಲೇ ಉತ್ತರ ಬಂದಿದೆ. ವಿಕಿಮೀಡಿಯ ಪ್ರತಿಷ್ಠಾನವು ಬಹುಮಟ್ಟಿಗೆ ದಾನಿಗಳ ಹಣದಿಂದ ನಡೆಯುವ ಸಂಸ್ಥೆ. ಅದರ ಭಂಡಾರದಲ್ಲಿದ್ದ ಆಸ್ಟರ್ ಹೂವಿನ ಒಂದೇ ಒಂದು ಚಿತ್ರಕ್ಕೆ ದಿನಕ್ಕೆ ಸುಮಾರು 9 ಕೋಟಿ ಬೇಡಿಕೆಗಳು ಬರುತ್ತಿರುವುದು 2021ರ ಫೆಬ್ರವರಿಯಲ್ಲಿ ಅಲ್ಲಿನ ತಂತ್ರಜ್ಞರ ಗಮನಕ್ಕೆ ಬಂದಿತು. ಸಿಂಗಪುರದ ದತ್ತಾಂಶ ಕೇಂದ್ರಕ್ಕೆ ಚಿತ್ರಾದಿಗಳಿಗಾಗಿ ಬರುತ್ತಿದ್ದ ಬೇಡಿಕೆಗಳಲ್ಲಿ ಸುಮಾರು ಐದನೆಯ ಒಂದು ಭಾಗ ಅದೊಂದೇ ಹೂವಿನದು. ಶೋಧಿಸಿದಾಗ, ಭಾರತದಲ್ಲಿ ಜನಪ್ರಿಯವಾಗಿದ್ದ ಮೊಬೈಲ್ ಆ್ಯಪ್ ಒಂದು ತೆರೆದಾಗಲೆಲ್ಲ ಆ ಚಿತ್ರವನ್ನು ತರಿಸಿಕೊಳ್ಳುತ್ತಿದ್ದುದು ತಿಳಿಯಿತು. ವಿಚಿತ್ರವೆಂದರೆ, ಬಳಕೆದಾರನ ಕಣ್ಣಿಗೆ ಆ ಹೂವು ಬೀಳುತ್ತಲೇ ಇರಲಿಲ್ಲ. ಯಾರೂ ನೋಡದ ಹೂವನ್ನು ದಿನಕ್ಕೆ ಕೋಟಿ ಕೋಟಿ ಸಲ ಪರರ ತೋಟದಿಂದ ತರಿಸಿದಂತಾಯಿತು. ಪ್ರಯೋಜನವಿಲ್ಲದೆ ಪರರಿಗೆ ಮಾಡುವ ಇಂತಹ ಬಾಧೆಯನ್ನು ಪೂರ್ವಾಚಾರ್ಯರು ಅನರ್ಥದಂಡವೆಂದು ಕರೆದು, ಅದರಿಂದ ವಿರಮಿಸುವುದನ್ನೇ ಒಂದು ವ್ರತವನ್ನಾಗಿ ವಿಧಿಸಿದರು. ವಿಕಿಮೀಡಿಯವು ಹೀಗೆ ಬಳಸುವುದನ್ನು ನಿಷೇಧಿಸಿಲ್ಲವೆಂಬುದು ನಿಜ. ಆದರೆ ಕೊಡುವವನ ಔದಾರ್ಯವು ತೆಗೆದುಕೊಳ್ಳುವವನ ಪ್ರಮಾದಕ್ಕೆ ಪರವಾನಗಿಯಾಗದು.

ಮೂರನೆಯ ವಾದ ಕಾನೂನಿನದು. 2007ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು, ಚಿತ್ರದ ಪ್ರತಿಯನ್ನು ತನ್ನ ಸರ್ವರಿನಲ್ಲಿ ಇರಿಸಿಕೊಳ್ಳದವನು ಅದನ್ನು ಪ್ರದರ್ಶಿಸಿದಂತಾಗದೆಂಬ ನಿಲುವನ್ನು ತಳೆಯಿತು. ಯುರೋಪಿನ ನ್ಯಾಯಾಲಯವಾದರೋ 2021ರಲ್ಲಿ, ಒಡೆಯನು ತಾಂತ್ರಿಕ ತಡೆ ಹಾಕಿರುವಾಗ ಅದನ್ನು ದಾಟಿ ತೋರಿಸಲು ಅವನ ಅನುಮತಿ ಬೇಕೆಂದಿತು. ನ್ಯಾಯಾಲಯಗಳು ವಿಚಾರಿಸಿದ್ದು ಕೃತಿಸ್ವಾಮ್ಯವನ್ನು. ಶ್ರಾವಕನು ವಿಚಾರಿಸಬೇಕಾದುದು ತನ್ನ ವ್ರತವನ್ನು. ಪ್ರತಿಯನ್ನು ತನ್ನಲ್ಲಿ ಇರಿಸಿಕೊಂಡಿಲ್ಲವೆಂಬುದು ಕಾನೂನಿನಲ್ಲಿ ರಕ್ಷಣೆಯಾದೀತು. ವ್ರತದ ದೃಷ್ಟಿಯಲ್ಲಿ ಅದೇ ಆರೋಪ: ತಾನು ಹೊರಬೇಕಾದ ಹೊರೆಯನ್ನು ಪರರ ಹೆಗಲ ಮೇಲೆ ಬಿಟ್ಟಿದ್ದಾನೆ.

ಕೊನೆಯ ವಾದವೇ ಅತ್ಯಂತ ಅಪಾಯಕರವಾದುದು: ಇದು ಧರ್ಮಪ್ರಚಾರ, ಶಾಸ್ತ್ರದಾನ, ಇದರಲ್ಲಿ ದೋಷವೆಲ್ಲಿ? ಶಾಸ್ತ್ರದಾನವೆಂದರೇನೆಂಬುದನ್ನು ಕನ್ನಡ ನಾಡಿಗೆ ಹತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಬರೆಯಿಸಿ ಹಂಚಿದಳೆಂದು ಪರಂಪರೆ ಕೊಂಡಾಡುತ್ತದೆ. ಓಲೆಗೂ ಲಿಪಿಕಾರರಿಗೂ ಆದ ವೆಚ್ಚ ಅವಳದೇ. ನೆರೆಮನೆಯವರ ಓಲೆಗರಿಯನ್ನು ಕಿಟಕಿಯಿಂದ ತೋರಿಸಿ ಶಾಸ್ತ್ರದಾನ ಮಾಡಿದೆನೆಂದು ಅವಳು ಹೇಳಿಕೊಂಡಿದ್ದರೆ ಇಂದು ಯಾರು ಅವಳನ್ನು ನೆನೆಯುತ್ತಿದ್ದರು? ಪರರ ದ್ರವ್ಯದಿಂದ ಮಾಡಿದ ದಾನವು ದಾನವಲ್ಲ.

ಲೌಕಿಕ ವಿವೇಕವೂ ಇದನ್ನೇ ಹೇಳುತ್ತದೆ. 2007ರಲ್ಲಿ ಅಮೆರಿಕದ ಸೆನೆಟ್ ಸದಸ್ಯ ಜಾನ್ ಮೆಕೇನ್ ಅವರ ಮೈಸ್ಪೇಸ್ ಪುಟವು ವಿನ್ಯಾಸಕಾರ ಮೈಕ್ ಡೇವಿಡ್‌ಸನ್ ಅವರ ಸರ್ವರಿನಿಂದ ಚಿತ್ರವೊಂದನ್ನು ಹೀಗೆಯೇ ಎಳೆದುಕೊಳ್ಳುತ್ತಿತ್ತು. ಒಡೆಯರು ತಮ್ಮ ಚಿತ್ರವನ್ನು ಬದಲಿಸಿದರು. ಮೆಕೇನ್ ಎಂದೂ ನೀಡದ ಹೇಳಿಕೆಯೊಂದು ಅವರದೇ ಪುಟದಲ್ಲಿ ಮೂಡಿತು. ತೀರ್ಥಂಕರರ ಬಿಂಬವಿರಬೇಕಾದ ಸ್ಥಳದ ಕೀಲಿಯನ್ನು ಯಾವ ಟ್ರಸ್ಟು ಅಪರಿಚಿತನ ಕೈಯಲ್ಲಿ ಬಿಟ್ಟೀತು?

ಪರಿಹಾರ ಕಠಿಣವಲ್ಲ. ಚಿತ್ರವಾಗಲಿ ಧ್ವನಿಮುದ್ರಣವಾಗಲಿ, ಒಡೆಯನ ಅನುಮತಿ ಕೇಳಬೇಕು. ಮುಕ್ತ ಪರವಾನಗಿಯಿರುವ ಕಡತವಾದರೆ ಅದರ ನಿಬಂಧನೆಯಂತೆ ಕರ್ತೃವಿನ ಹೆಸರನ್ನು ಸೂಚಿಸಿ, ತನ್ನ ಸರ್ವರಿನಲ್ಲಿಯೇ ಇರಿಸಿಕೊಂಡು, ವೆಚ್ಚವನ್ನು ತಾನೇ ಹೊರಬೇಕು. ಓದುಗನನ್ನು ಮೂಲ ತಾಣಕ್ಕೇ ಕಳುಹಿಸುವ ಸಾಮಾನ್ಯ ಕೊಂಡಿಯಲ್ಲಿ ದೋಷವಿಲ್ಲ. ಅದು ಅತಿಥಿಗೆ ದಾರಿ ತೋರಿಸಿದಂತೆ. ಇತರರು ತಮ್ಮ ಪುಟಗಳಲ್ಲಿ ಅಳವಡಿಸಿಕೊಳ್ಳಲೆಂದು ಒಡೆಯನೇ ಒದಗಿಸಿದ ವಿಡಿಯೋ ಕೂಡ ದತ್ತವೇ, ಅದತ್ತವಲ್ಲ. ಅನುಮತಿ ದೊರೆಯದಿದ್ದರೆ ಆ ಸ್ಥಳ ಖಾಲಿಯಿರಲಿ. ಟ್ರಸ್ಟುಗಳ ಆಡಳಿತ ಮಂಡಳಿಗಳು ಹುಂಡಿಯ ಲೆಕ್ಕವನ್ನು ಪೈಸೆ ಪೈಸೆಯಾಗಿ ಪರಿಶೀಲಿಸುವಂತೆ, ತಮ್ಮ ಜಾಲತಾಣದ ಪ್ರತಿಯೊಂದು ಚಿತ್ರವೂ ಯಾರ ಮನೆಯಿಂದ, ಯಾರ ಖರ್ಚಿನಲ್ಲಿ ಬರುತ್ತಿದೆಯೆಂಬುದನ್ನು ಮುಂದಿನ ಸಭೆಯಲ್ಲಿಯೇ ಪರಿಶೀಲಿಸಲಿ. ಅಚೌರ್ಯವನ್ನು ಬೋಧಿಸುವ ಪುಟವೇ ಅದತ್ತಾದಾನದಿಂದ ಅಲಂಕೃತವಾಗಿದ್ದರೆ ಆ ಬೋಧನೆಯನ್ನು ಮಕ್ಕಳು ನಂಬಬೇಕಾದರೂ ಹೇಗೆ?